14416: ಬಸವಳಿದ ನರ್ಸ್‌ಗಳಿಗೆ ಟೆಲಿ ಮಾನಸ್ ಎಷ್ಟರ ಮಟ್ಟಿಗೆ ಆಸರೆ?

ಡ್ಯೂಟಿಗೆ ಹೊರಡುವ ಹೊತ್ತಿಗೆ ಹೊಟ್ಟೆಯಲ್ಲಿ ಸಂಕಟ ಶುರುವಾಗುವ ನರ್ಸ್‌ಗಳಿಗಾಗಿ ಈ ರಿವ್ಯೂ. ಜ್ವರ ಇಲ್ಲ, ಮೈಕೈ ನೋವಿಲ್ಲ, ಆದರೂ ಯೂನಿಫಾರಂ ಕೈಗೆತ್ತಿಕೊಂಡರೆ ಸಾಕು ಅಳು ಬರುತ್ತದೆ ಅನ್ನುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಯಾರೂ ಬಾಯಿ ಬಿಡುವುದಿಲ್ಲ ಅಷ್ಟೇ. ನಾನು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ ಮಾತಾಡಿದ್ದೇನೆ, ಆಮೇಲೂ ಬೇಕೆನಿಸಿದಾಗ ಮಾಡಿದ್ದೇನೆ. ಅಲ್ಲಿ ನನಗೆ ಏನು ಸಿಕ್ಕಿತು, ಅದರಿಂದ ಏನನ್ನು ಬಯಸಬಾರದು, ಎರಡನ್ನೂ ಬರೆಯುತ್ತೇನೆ. ಇಷ್ಟುದ್ದ ಓದಲು ಆಗದಷ್ಟು ಸುಸ್ತಾಗಿದ್ದರೆ ಇಲ್ಲಿಗೇ ನಿಲ್ಲಿಸಿ, ಮೊದಲು ಕರೆ ಮಾಡಿ. 14416. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 2022ರ ಕೇಂದ್ರ ಬಜೆಟ್‌ನಲ್ಲಿ ಇದನ್ನು ಘೋಷಿಸಿದರು. ಅದೇ ವರ್ಷ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಶುರುವಾಯಿತು. ಇಡೀ ದೇಶಕ್ಕೆ ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ತಂತ್ರಜ್ಞಾನ ನೋಡಿಕೊಳ್ಳುವುದು ಐಐಐಟಿ ಬೆಂಗಳೂರು. 2024ರಲ್ಲೇ 10 ಲಕ್ಷ ಕರೆಗಳು ದಾಟಿದ್ದವು. ಆದರೂ ನಮ್ಮ ಡ್ಯೂಟಿ ರೂಮಿನಲ್ಲಿ ಕೇಳಿದರೆ, ಅದು ಪೇಷೆಂಟ್‌ಗಳಿಗೆ ಕೊಡುವ ನಂಬರ್ ಅಲ್ವಾ ಅನ್ನುತ್ತಾರೆ. ಡಿಸ್ಚಾರ್ಜ್ ಆಗುವವರಿಗೆ ನಾವೇ ಬರೆದು ಕೊಟ್ಟಿರುತ್ತೇವೆ. ನಮಗೂ ಅದು ಇದೆ ಅಂತ ಹೊಳೆಯುವುದೇ ಇಲ್ಲ.

ನಾನು ಯಾಕೆ ಕರೆ ಮಾಡಿದೆ ಅಂತ ಹೇಳದಿದ್ದರೆ ಈ ರಿವ್ಯೂಗೆ ಅರ್ಥ ಇರುವುದಿಲ್ಲ. ನಮ್ಮ ವಾರ್ಡಿನಲ್ಲಿ ನೈಟ್ ಡ್ಯೂಟಿಗೆ ಇಬ್ಬರು. ಒಬ್ಬರಿಗೆ ಹುಷಾರಿಲ್ಲದಿದ್ದರೆ ಒಬ್ಬರೇ. ಇಪ್ಪತ್ತು ದಾಟಿದ ಪೇಷೆಂಟ್‌ಗಳು. ಬೆಳಗಿನ ಜಾವದಿಂದಲೇ ಸ್ಯಾಂಪಲ್ ತೆಗೆಯಬೇಕು, ಇಂಜೆಕ್ಷನ್ ಕೊಡಬೇಕು, ಶುಗರ್ ನೋಡಬೇಕು, ಇಂಟೇಕ್ ಔಟ್‌ಪುಟ್ ಕೂಡಿಸಿ ಬರೆಯಬೇಕು, ಅಷ್ಟರಲ್ಲಿ ಮುಂದಿನ ಶಿಫ್ಟಿನವರಿಗೆ ಹ್ಯಾಂಡೋವರ್ ಕೊಡುವ ಹೊತ್ತು. ನಡುವೆ ಯಾರದೋ ಐವಿ ಲೈನ್ ಔಟಾಗಿ ಕೈ ಊದಿರುತ್ತದೆ, ಯಾರಿಗೋ ಬೆಡ್‌ಪ್ಯಾನ್ ಬೇಕು, ಯಾರೋ ಪೇಷೆಂಟ್ ಕಡೆಯ ಅಟೆಂಡರ್ ಬಂದು ಬಿಲ್ ಜಾಸ್ತಿ ಆಯ್ತು ಅಂತ ನಮ್ಮ ಮೇಲೆ ಕೂಗುತ್ತಿರುತ್ತಾರೆ. ಬಿಲ್ ಮಾಡುವವರು ನಾವಲ್ಲ. ಆದರೆ ರಾತ್ರಿ ಹೊತ್ತು ಕಣ್ಣಿಗೆ ಬೀಳುವವರು ನಾವೇ.

ಅಂಥದ್ದೇ ಒಂದು ರಾತ್ರಿ ಒಬ್ಬರು ಅಜ್ಜ ಇದ್ದರು. ಉಳಿಯುವುದು ಕಷ್ಟ ಅಂತ ಡಾಕ್ಟರ್ ಮನೆಯವರಿಗೆ ಹೇಳಿಯಾಗಿತ್ತು. ನಾನು ಆಚೀಚೆ ಹೋಗುವಾಗಲೆಲ್ಲ ಕೈ ಎತ್ತಿ, "ಸ್ವಲ್ಪ ಇಲ್ಲೇ ಕೂತ್ಕೊಳ್ಳವ್ವ" ಅನ್ನುತ್ತಿದ್ದರು. "ಬಂದೆ ಅಜ್ಜ, ಎರಡೇ ನಿಮಿಷ" ಅನ್ನುತ್ತಿದ್ದೆ. ಅಷ್ಟರಲ್ಲಿ ಮೂಲೆ ಬೆಡ್ಡಿನವರಿಗೆ ಶುಗರ್ ಪೂರ್ತಿ ಇಳಿದು, ಬೆವರಿ, ಮಾತು ತೊದಲತೊಡಗಿತು. ಅಲ್ಲಿಗೆ ಓಡಿ ಡೆಕ್ಸ್ಟ್ರೋಸ್ ಹಾಕಿ ಅವರು ಕಣ್ಣು ಬಿಡುವವರೆಗೂ ನಿಂತೆ. ಅದು ಬಿಡಲಾಗದ ಕೆಲಸ. ವಾಪಸ್ ಬರುವಷ್ಟರಲ್ಲಿ ಅಜ್ಜ ಹೋಗಿದ್ದರು. ಕೆಳಗೆ ವೇಟಿಂಗ್ ಹಾಲ್‌ನಲ್ಲಿ ಮಲಗಿದ್ದ ಮಗಳು ಬಂದು ಅಪ್ಪನ ಕಾಲು ಹಿಡಿದುಕೊಂಡು ನನ್ನ ಕಡೆ ತಿರುಗಿ, "ಅಕ್ಕಾ, ಕೊನೆಗೆ ಅಪ್ಪ ಏನಾದ್ರೂ ಹೇಳಿದ್ರಾ?" ಅಂತ ಕೇಳಿದಳು.

ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ. ಅದಕ್ಕಿಂತ ನನ್ನನ್ನು ಹೆದರಿಸಿದ್ದು ಬೇರೆ. ಅವಳು ಅಳುತ್ತಿದ್ದಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಡೆತ್ ಫೈಲ್ ಯಾವಾಗ ಮುಗಿಸಲಿ, ಹ್ಯಾಂಡೋವರ್ ತಡವಾಗುತ್ತದಲ್ಲ ಅನ್ನುವುದು. ಒಳಗೆ ಏನೂ ಅಲ್ಲಾಡಲಿಲ್ಲ. ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಓದುವಾಗ ಮೊದಲ ಸಾವು ನೋಡಿ ಎರಡು ದಿನ ಊಟ ಬಿಟ್ಟವಳು ನಾನು. ಆ ಹಳೆಯ ನಾನು ಎಲ್ಲಿಗೆ ಹೋದೆ ಅಂತ ಹಾಸ್ಟೆಲ್ ಮೆಟ್ಟಿಲು ಹತ್ತುವಾಗ ಅನ್ನಿಸಿ ಕಾಲು ಮುಂದೆ ಹೋಗಲಿಲ್ಲ.

ಆ ಬೆಳಿಗ್ಗೆಯೇ ಕರೆ ಮಾಡಿದ್ದು. ರೆಕಾರ್ಡ್ ಆದ ದನಿ ಬರುತ್ತದೆ, ಭಾಷೆ ಆರಿಸಿಕೊಳ್ಳಬೇಕು, ಆಮೇಲೆ ಕೌನ್ಸೆಲರ್‌ಗೆ ಸಿಗುತ್ತದೆ. ನನಗೆ ಸಿಕ್ಕವರು ಒಬ್ಬರು ಹೆಂಗಸು, ಕನ್ನಡ ಚೆನ್ನಾಗಿತ್ತು, ಅವಸರ ಇರಲಿಲ್ಲ. "ಹೇಳಿ ಮೇಡಂ, ಏನಾಗ್ತಿದೆ?" ಅಂದರು. ನಾನು ಅಭ್ಯಾಸ ಬಲದಿಂದ ಹ್ಯಾಂಡೋವರ್ ಕೊಡುವ ಹಾಗೆ ಶುರು ಮಾಡಿದೆ: ನಿದ್ರೆ ಸರಿಯಿಲ್ಲ, ಹಸಿವು ಕಡಿಮೆ, ತಲೆನೋವು ಇದೆ, ಬಿಪಿ ನಾರ್ಮಲ್. ಅವರು ಪೂರ್ತಿ ಕೇಳಿಸಿಕೊಂಡು, "ಸರಿ, ಇದೆಲ್ಲ ಬರ್ಕೊಂಡೆ. ಇವತ್ತು ಬೆಳಿಗ್ಗೆ ಏನಾಯ್ತು, ಅದನ್ನ ಹೇಳಿ" ಅಂದರು. ಅಲ್ಲಿಗೆ ನನ್ನ ಕಟ್ಟೆ ಒಡೆಯಿತು. ತುಂಬಾ ಹೊತ್ತು ಅತ್ತೆ. ಸಮಾಧಾನ ಮಾಡಿಕೊಳ್ಳಿ, ಅಳಬೇಡಿ ಅಂತ ಒಂದು ಮಾತೂ ಬರಲಿಲ್ಲ. ನಾವು ದಿನವಿಡೀ ಬೇರೆಯವರಿಗೆ ಹೇಳುವ ಮಾತು ಅದು, ಅದು ಬರದೇ ಇದ್ದದ್ದೇ ನನಗೆ ದೊಡ್ಡ ಉಪಕಾರ.

ಅವರು ಕೇಳಿದ ಎರಡು ಪ್ರಶ್ನೆಗಳ ಬಗ್ಗೆ ಹೇಳಲೇಬೇಕು. ಮೊದಲನೆಯದು, ಸಾಯಬೇಕು ಅಂತ ಯಾವಾಗಲಾದರೂ ಅನ್ನಿಸಿದೆಯಾ ಅಂತ. ಸುತ್ತಿ ಬಳಸಿ ಅಲ್ಲ, ನೇರವಾಗಿ. ಕೆಲವರಿಗೆ ಇದು ಕಠೋರ ಅನ್ನಿಸಬಹುದು. ಹಾಗಲ್ಲ. ಹೀಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇರುವವರಿಗೆ ಬಾಯಿಬಿಡಲು ದಾರಿಯಾಗುತ್ತದೆ. ನನಗೆ ಆ ಯೋಚನೆ ಇರಲಿಲ್ಲ. ಆದರೆ ನಮ್ಮ ಕೈಗೆ ಸಿಗುವ ಔಷಧಿಗಳನ್ನು ನೆನೆದರೆ, ಈ ಪ್ರಶ್ನೆಯನ್ನು ನರ್ಸ್‌ಗಳಿಗೆ ಯಾರಾದರೂ ಕೇಳಲೇಬೇಕು.

ಎರಡನೆಯದು, "ನೈಟ್ ಆಫ್ ಇದ್ದಾಗ, ಊರಿಗೆ ಹೋದಾಗ ಹೇಗಿರ್ತೀರಿ?" ಸಾಧಾರಣ ಪ್ರಶ್ನೆ ಅನ್ನಿಸುತ್ತದೆ, ಆದರೆ ನನ್ನ ವಿಷಯದಲ್ಲಿ ಎಲ್ಲವೂ ಅಲ್ಲೇ ಬಿಡಿಸಿಕೊಂಡಿತು. ಊರಿಗೆ ಹೋದರೆ ನಾನು ಉಣ್ಣುತ್ತೇನೆ, ನಗುತ್ತೇನೆ, ಅಕ್ಕನ ಮಕ್ಕಳ ಜೊತೆ ಆಡುತ್ತೇನೆ, ರಾತ್ರಿ ನಿದ್ರೆ ಬರುತ್ತದೆ. ವಾಪಸ್ ಬಸ್ಸು ಮೆಜೆಸ್ಟಿಕ್ ಹತ್ತಿರ ಬಂದ ಹಾಗೆ ಮತ್ತೆ ಸಂಕಟ ಶುರು. ಎಲ್ಲಿ ಹೋದರೂ ಯಾವುದರಲ್ಲೂ ರುಚಿ ಇಲ್ಲ ಅಂತಾಗಿದ್ದರೆ ಖಿನ್ನತೆ ಇರಬಹುದು, ಡಾಕ್ಟರ್ ನೋಡಬೇಕು, ನಿಮ್ಮದು ಕೆಲಸಕ್ಕೆ ಅಂಟಿಕೊಂಡಿರುವ ಹಾಗೆ ಕಾಣುತ್ತದೆ, ಆದರೂ ಎರಡು ವಾರ ಗಮನಿಸೋಣ ಅಂದರು. ಫೋನಿನಲ್ಲೇ ರೋಗದ ಹೆಸರು ಅಂಟಿಸಲಿಲ್ಲ. ಅದು ಸರಿಯಾದ ರೀತಿ.

ಆಮೇಲೆ ನಾನೇ ಓದಿಕೊಂಡೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಅನ್ನುವ ರೋಗಗಳ ಪಟ್ಟಿಯಲ್ಲಿ ಬರ್ನ್‌ಔಟ್ ಇದೆ, ಆದರೆ ಕಾಯಿಲೆ ಅಂತ ಅಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಹಳ ಕಾಲ ಬಿಟ್ಟಾಗ ಆಗುವಂಥದ್ದು ಅಂತ ಅಲ್ಲಿದೆ. ಮೂರು ಲಕ್ಷಣ ಹೇಳುತ್ತಾರೆ: ಶಕ್ತಿ ಬತ್ತಿ ಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಮಾಡಿದ್ದೆಲ್ಲ ವ್ಯರ್ಥ ಅನ್ನಿಸುವುದು. ಆ ಅಜ್ಜನ ಪಕ್ಕ ನಿಂತು ನನಗೆ ಏನೂ ಅನ್ನಿಸದೇ ಇದ್ದದ್ದು ಎರಡನೆಯದು. ನಾನು ಕೆಟ್ಟವಳಾದೆ, ಕಲ್ಲಾದೆ ಅಂದುಕೊಂಡಿದ್ದೆನಲ್ಲ, ಅದಕ್ಕೊಂದು ವಿವರಣೆ ಇದೆ, ನನ್ನಂಥವರು ಬೇರೆಯವರೂ ಇದ್ದಾರೆ ಅಂತ ಗೊತ್ತಾದಾಗ ಎದೆ ಸ್ವಲ್ಪ ಹಗುರಾಯಿತು. ಇನ್ನೊಂದು ವಿಷಯವನ್ನು ಆ್ಯಂಡ್ರ್ಯೂ ಜೇಮ್ಟನ್ ಅನ್ನುವ ತತ್ವಶಾಸ್ತ್ರಜ್ಞರು 1984ರಲ್ಲೇ ನರ್ಸ್‌ಗಳ ಬಗ್ಗೆ ಬರೆದಿದ್ದರು. ಏನು ಮಾಡುವುದು ಸರಿ ಅಂತ ಗೊತ್ತಿರುತ್ತದೆ, ಆದರೆ ಕೆಲಸದ ವ್ಯವಸ್ಥೆ ಅದನ್ನು ಮಾಡಲು ಬಿಡುವುದಿಲ್ಲ, ಆ ಸಂಕಟ ಒಳಗೇ ಕೂರುತ್ತದೆ ಅಂತ. ಅಜ್ಜನ ಹತ್ತಿರ ಕೂರಬೇಕು ಅಂತ ನನಗೆ ಗೊತ್ತಿತ್ತು. ಕೂರಲು ಇನ್ನೊಂದು ಜೀವ ಆ ವಾರ್ಡಿನಲ್ಲಿ ಇರಲಿಲ್ಲ.

ಕೌನ್ಸೆಲರ್ ಕೊಟ್ಟ ಸಲಹೆಗಳಲ್ಲಿ ನನಗೆ ಕೆಲಸಕ್ಕೆ ಬಂದವು ಕೆಲವೇ. ಯೋಗ, ಉಸಿರಾಟ ಎಲ್ಲ ಹೇಳಿದರು, ನಾನು ಹೆಚ್ಚು ಮಾಡಲಿಲ್ಲ. ಒಂದು ಮಾತ್ರ ಹಿಡಿದುಕೊಂಡೆ. ಸಾಲು ನೈಟ್ ಮುಗಿದ ಬೆಳಿಗ್ಗೆ ಕೆಲಸ ಬಿಡುವ ತೀರ್ಮಾನ ಮಾಡಬೇಡಿ, ನಿದ್ರೆ ಮಾಡಿ ಎದ್ದ ಮೇಲೂ ಹಾಗೇ ಅನ್ನಿಸಿದರೆ ಆಗ ಯೋಚಿಸಿ ಅಂದರು. ಆ ದಿನ ರಾಜೀನಾಮೆ ಪತ್ರ ಫೋನಿನಲ್ಲಿ ಟೈಪ್ ಮಾಡಿ ಇಟ್ಟಿದ್ದೆ. ಇನ್ನೊಂದು, ಡ್ಯೂಟಿ ಮುಗಿದ ಮೇಲೆ ಯಾರಾದರೂ ಒಬ್ಬರ ಹತ್ತಿರ ಆ ಶಿಫ್ಟಿನಲ್ಲಿ ಮನಸ್ಸಿಗೆ ಚುಚ್ಚಿದ ಒಂದೇ ಒಂದು ವಿಷಯ ಹೇಳಿ, ಆಮೇಲೆ ಮನೆಗೆ ಹೋಗಿ ಅಂದರು. ನಾನೂ ನನ್ನ ಜೂನಿಯರ್ ಹುಡುಗಿಯೂ ಈಗ ಇದನ್ನು ಮಾಡುತ್ತೇವೆ. ಗೇಟಿನ ಹೊರಗೆ ಟೀ ಅಂಗಡಿ, ಅರ್ಧ ಟೀ, ಒಂದು ವಿಷಯ. ಒಂದು ದಿನ ಅವಳು, "ಅಕ್ಕ, ನಂಗೆ ಇವತ್ತು ಆ ಮಗುಗೆ ಲೈನ್ ಹಾಕೋಕೆ ಕೈಯೇ ಬರ್ಲಿಲ್ಲ, ಎಲ್ರ ಮುಂದೆ ಬೈದ್ರು" ಅಂದಳು. ನಾನು ಏನೂ ಉಪದೇಶ ಮಾಡಲಿಲ್ಲ, ಕೇಳಿಸಿಕೊಂಡೆ. ಮಾರನೇ ದಿನ ಅವಳು ಡ್ಯೂಟಿಗೆ ಬಂದಿದ್ದಳು.

ಫೋನಿನಲ್ಲಿ ಮಾತಾಡಿದ್ದು ಸಾಲದು ಅನ್ನಿಸಿದವರಿಗೆ ಮುಂದಿನ ದಾರಿಯೂ ಇದೆ. ಟೆಲಿ ಮಾನಸ್ ಎರಡು ಹಂತದಲ್ಲಿ ಕೆಲಸ ಮಾಡುತ್ತದೆ. ಮೊದಲು ತರಬೇತಾದ ಕೌನ್ಸೆಲರ್, ಅಗತ್ಯ ಬಿದ್ದರೆ ಮನೋವೈದ್ಯರು ಅಥವಾ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ. ಈ ಜಿಲ್ಲಾ ಕಾರ್ಯಕ್ರಮ 1996ರಲ್ಲಿ ಶುರುವಾಗಿದ್ದೇ ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ ಮಾದರಿಯ ಮೇಲೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಕೂಡ ಇದೆ, ಊರ ಕಡೆ ಕೆಲಸ ಮಾಡುವವರು ಕೇಳಿ ನೋಡಿ. 2024ರ ಅಕ್ಟೋಬರ್‌ನಲ್ಲಿ ಆ್ಯಪ್ ಬಂತು. ವಿಡಿಯೊ ಮೂಲಕ ಮಾತಾಡುವ ಸೌಲಭ್ಯವನ್ನು ಮೊದಲು ಕೊಟ್ಟ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ನಾನು ವಿಡಿಯೊ ಬಳಸಿಲ್ಲ. ಅತ್ತು ಊದಿದ ಮುಖ ತೋರಿಸದೆ ಮಾತಾಡುವುದೇ ನನಗೆ ಅನುಕೂಲ.

ನಮ್ಮವರು ಜಾಸ್ತಿ ಹೆದರುವುದು, ಆಸ್ಪತ್ರೆಗೆ ಗೊತ್ತಾದರೆ, ಮೇಟ್ರನ್‌ಗೆ ಗೊತ್ತಾದರೆ, ಮುಂದೆ ಹೊರದೇಶಕ್ಕೆ ಅರ್ಜಿ ಹಾಕುವಾಗ ತೊಂದರೆಯಾದರೆ ಅಂತ. ನೀವು ಕರೆ ಮಾಡುವುದು ನಿಮ್ಮ ಫೋನಿನಿಂದ, ನಿಮ್ಮ ಹೊತ್ತಿನಲ್ಲಿ. ಆಸ್ಪತ್ರೆಗೂ ಅದಕ್ಕೂ ಸಂಬಂಧ ಇಲ್ಲ. ಮಾನಸಿಕ ಆರೋಗ್ಯ ಚಿಕಿತ್ಸೆಯ ವಿವರಗಳನ್ನು ಗುಟ್ಟಾಗಿ ಇಡಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಹಕ್ಕು ಇದೆ. ಪೇಷೆಂಟ್‌ಗಳಿಗೆ ನಾವು ಹೇಳುವ ಕಾನೂನು ನಮಗೂ ಅನ್ವಯ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಈ ಸಹಾಯವಾಣಿ ಕೆಲಸ ಮಾಡುವುದು ನನ್ನ ಮನಸ್ಸಿನ ಮೇಲೆ. ನನ್ನ ರೋಸ್ಟರ್ ಅದರ ಕೈಯಲ್ಲಿಲ್ಲ. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಲೆಕ್ಕದಲ್ಲಿ ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ 5 ಜನ ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು, ಬೋಧಕ ಆಸ್ಪತ್ರೆಯಲ್ಲಿ 3 ಜನಕ್ಕೆ ಒಬ್ಬರು, ಐಸಿಯುನಲ್ಲಿ ಒಬ್ಬರಿಗೆ ಒಬ್ಬರು. ಅದರ ಮೇಲೆ ರಜೆ ಹೋಗುವವರ ಬದಲಿಗೆ ಶೇ 30ರಷ್ಟು ಹೆಚ್ಚು ಸಿಬ್ಬಂದಿ. ಇದನ್ನು ನಾವು ಪರೀಕ್ಷೆಗೆ ಬಾಯಿಪಾಠ ಮಾಡಿ ಮಾರ್ಕ್ಸ್ ತೆಗೆದುಕೊಂಡವರು. ವಾರ್ಡಿಗೆ ಬಂದ ಮೊದಲ ವಾರವೇ ಅದು ಪುಸ್ತಕದಲ್ಲಿ ಮಾತ್ರ ಇದೆ ಅಂತ ಗೊತ್ತಾಗುತ್ತದೆ. ಭ್ರಮನಿರಸನ ಅಂದರೆ ನನಗೆ ಅದೇ. ಕಷ್ಟ ಇರುತ್ತದೆ ಅಂತ ಗೊತ್ತಿದ್ದೇ ಬಂದೆವು. ಸರಿಯಾಗಿ ಮಾಡಲು ಕಲಿಸಿ, ಸರಿಯಾಗಿ ಮಾಡಲು ಬಿಡದೇ ಇರುವುದು ಸಹಿಸಲು ಆಗುವುದಿಲ್ಲ.

ಸಂಬಳದ ಕಥೆಯೂ ಹಾಗೇ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಸಮಿತಿ ಮಾಡಿತು. 200 ಹಾಸಿಗೆ ದಾಟಿದ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್‌ಗೆ ಆ ರಾಜ್ಯದ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ ಕೊಡಬೇಕು, 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ತಿಂಗಳಿಗೆ ₹20,000ಕ್ಕಿಂತ ಕಡಿಮೆ ಇರಬಾರದು ಅಂತ ಆ ಸಮಿತಿ ಶಿಫಾರಸು ಮಾಡಿತು. ನಿಮ್ಮ ಪೇ ಸ್ಲಿಪ್ ತೆಗೆದು ಈ ಅಂಕಿಯ ಪಕ್ಕ ಇಟ್ಟು ನೋಡಿ. 2020ರ ಮಾರ್ಚ್ 22ರ ಸಂಜೆ ದೇಶವೆಲ್ಲ ನಮಗೆ ಚಪ್ಪಾಳೆ ತಟ್ಟಿತು, ಆ ಸದ್ದು ಕೇಳಿ ನಾನು ನಿಜವಾಗಿಯೂ ಅತ್ತಿದ್ದೆ. ಆ ಪ್ರೀತಿ ಸುಳ್ಳಲ್ಲ. ಆದರೆ ನಮಗೆ ಬೇಕಾಗಿದ್ದದ್ದು ನೈಟ್‌ಗೆ ಇನ್ನೊಬ್ಬ ಸ್ಟಾಫ್.

ಈ ರಿವ್ಯೂ ಬರೆಯಲು ಇನ್ನೊಂದು ಕಾರಣ ನಾನಿದ್ದ ಒಂದು ಆಸ್ಪತ್ರೆಯಲ್ಲಿ ಆದ ವಿಷಯ. ಸ್ಟಾಫ್ ಸಾಲದು, ಡಬಲ್ ಡ್ಯೂಟಿ ನಿಲ್ಲಿಸಿ ಅಂತ ನಾವೆಲ್ಲ ಸೇರಿ ಬರೆದುಕೊಟ್ಟೆವು. ಕೆಲವು ದಿನ ಆದ ಮೇಲೆ ಬಟ್ಟೆ ಬದಲಿಸುವ ಕೋಣೆಯ ಗೋಡೆಗೆ ಒಂದು ಪೋಸ್ಟರ್ ಬಂತು, ಒತ್ತಡವೇ, ಸಹಾಯವಾಣಿಗೆ ಕರೆ ಮಾಡಿ ಅಂತ. ಜೊತೆಗೆ ಒಂದು ಗಂಟೆಯ ಒತ್ತಡ ನಿರ್ವಹಣೆ ಕ್ಲಾಸ್, ಅದೂ ನೈಟ್ ಮುಗಿಸಿ ಬಂದವರನ್ನು ಕೂರಿಸಿಕೊಂಡು. ಹೊಸ ಸ್ಟಾಫ್ ಬರಲಿಲ್ಲ. ನನಗೆ ಈಗಲೂ ಸಿಟ್ಟಿದೆ. ಸಹಾಯವಾಣಿ ಒಳ್ಳೆಯದು, ಅದನ್ನು ಖಾಲಿ ಹುದ್ದೆಗೆ ತೇಪೆಯಾಗಿ ಹಚ್ಚಬಾರದು. ಬೋಟು ಸೋರುತ್ತಿರುವಾಗ ಕೂತವರಿಗೆ ಈಜು ಕಲಿಸಿದ ಹಾಗೆ ಅದು. ಆಡಳಿತದವರು ಯಾರಾದರೂ ಓದುತ್ತಿದ್ದರೆ, ಎರಡೂ ಬೇಕು ದಯವಿಟ್ಟು.

ಕೌನ್ಸೆಲರ್ ಕೂಡ ಈ ವಿಷಯದಲ್ಲಿ ನಿಜ ಹೇಳಿದರು. ನಿಮ್ಮ ಡ್ಯೂಟಿ ನಾನು ಕಡಿಮೆ ಮಾಡಿಸಲು ಆಗುವುದಿಲ್ಲ ಮೇಡಂ, ಆದರೆ ಯಾವುದು ನಿಮ್ಮ ತಪ್ಪು ಅಂತ ಹೊತ್ತುಕೊಂಡಿದ್ದೀರೋ ಅದರಲ್ಲಿ ಎಷ್ಟು ನಿಮ್ಮದು ಅಂತ ನೋಡೋಣ ಅಂದರು. ನೋಡಿದೆವು. ಆ ರಾತ್ರಿಯ ವಿಷಯದಲ್ಲಿ ನನ್ನದು ಅಂತ ಬಹಳ ಉಳಿಯಲಿಲ್ಲ. ಅದಾದ ಮೇಲೆ ನಾನು ಮಾಡಿದ್ದು ಇಷ್ಟು. ಒಬ್ಬಳೇ ಇದ್ದ ರಾತ್ರಿ ಎಷ್ಟು ಪೇಷೆಂಟ್ ಇದ್ದರು ಅಂತ ರಿಪೋರ್ಟ್ ಬುಕ್ಕಿನಲ್ಲಿ ಸ್ಪಷ್ಟವಾಗಿ ಬರೆಯತೊಡಗಿದೆ, ಇನ್‌ಚಾರ್ಜ್ ಸಿಸ್ಟರ್ ಕೈಲಿ ಸಹಿ ಹಾಕಿಸಿದೆ. ಸಾಲು ಡಬಲ್ ಡ್ಯೂಟಿಗೆ ಆಗಲ್ಲ ಮೇಡಂ ಅಂತ ಹೇಳಲು ಕಲಿತೆ. ಮೊದಲ ಸಲ ದನಿ ನಡುಗಿತು. ಅಟೆಂಡರ್ ಒಬ್ಬ ಮೈಮೇಲೆ ಬಂದಾಗ ಸುಮ್ನೆ ನುಂಗಿಕೊಳ್ಳದೆ ಇನ್ಸಿಡೆಂಟ್ ರಿಪೋರ್ಟ್ ಬರೆದೆ. ಆಸ್ಪತ್ರೆ ಸಿಬ್ಬಂದಿ ಮೇಲೆ ಕೈ ಮಾಡುವುದರ ವಿರುದ್ಧ ಕರ್ನಾಟಕದಲ್ಲಿ 2009ರಿಂದಲೇ ಕಾಯ್ದೆ ಇದೆ, ನರ್ಸ್‌ಗಳೂ ಅದರೊಳಗೆ ಬರುತ್ತಾರೆ. ಇದರಿಂದ ಎಲ್ಲ ಸರಿಹೋಯಿತಾ ಅಂದರೆ ಇಲ್ಲ. ಆದರೆ ರಾತ್ರಿಯಿಡೀ ನನ್ನನ್ನು ನಾನೇ ಬೈದುಕೊಳ್ಳುವುದು ಕಡಿಮೆಯಾಯಿತು, ಬೇರೆ ಕೆಲಸಕ್ಕೆ ಶಕ್ತಿ ಉಳಿಯಿತು.

ಕೆಲಸ ಬಿಡಬೇಕಾ ಅನ್ನುವುದಕ್ಕೆ ಇಲ್ಲಿ ಉತ್ತರ ಸಿಗುವುದಿಲ್ಲ. ನನ್ನ ಬ್ಯಾಚಿನವರಲ್ಲಿ ಕೆಲವರು ಗಲ್ಫ್‌ಗೆ ಹೋದರು, ಕೆಲವರು ಒಇಟಿ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆದು ಇಂಗ್ಲೆಂಡಿಗೆ ಹೋದರು, ಒಬ್ಬಳು ಶಾಲೆಯ ನರ್ಸ್ ಆಗಿ ನೆಮ್ಮದಿಯಾಗಿದ್ದಾಳೆ, ಒಬ್ಬಳು ನರ್ಸಿಂಗ್ ಪೂರ್ತಿ ಬಿಟ್ಟು ಅಣ್ಣನ ಅಂಗಡಿ ನೋಡಿಕೊಳ್ಳುತ್ತಾಳೆ. ಯಾರೂ ಸೋತವರಲ್ಲ. ನಾನು ಸದ್ಯಕ್ಕೆ ಉಳಿದಿದ್ದೇನೆ, ವಾರ್ಡ್ ಬದಲಿಸಿಕೊಡಿ ಅಂತ ಕೇಳಿ ಡಯಾಲಿಸಿಸ್‌ಗೆ ಹೋಗಲು ಪ್ರಯತ್ನಿಸುತ್ತಿದ್ದೇನೆ. ಅಲ್ಲಿ ಅದೇ ಪೇಷೆಂಟ್‌ಗಳು ವಾರ ವಾರ ಬರುತ್ತಾರೆ, ಹೆಸರು ಹಿಡಿದು ಮಾತಾಡಲು ಸಾಧ್ಯವಾಗುತ್ತದೆ ಅನ್ನುವ ಆಸೆ.

ಇಷ್ಟು ಹೇಳಿ ಅಂಕ ಕೊಡುವುದಾದರೆ 5ಕ್ಕೆ 4. ಆ ಒಂದು ಅಂಕ ಯಾಕೆ ಕಡಿಮೆ ಅಂದರೆ, ಇದು ವಾರವಾರ ಒಬ್ಬರೇ ಥೆರಪಿಸ್ಟ್ ಜೊತೆ ಎದುರುಬದುರು ಕೂತು ಮಾಡುವಂಥದ್ದಲ್ಲ. ಹಳೆಯ ಗಾಯ ಬಿಚ್ಚಿ ನಿಧಾನವಾಗಿ ವಾಸಿ ಮಾಡಿಕೊಳ್ಳಬೇಕು ಅನ್ನುವವರಿಗೆ ಅದೇ ಬೇಕಾಗುತ್ತದೆ. ಆಗ ಟೆಲಿ ಮಾನಸ್‌ನವರ ಮೂಲಕವೇ ಹತ್ತಿರದ ಆಸ್ಪತ್ರೆಯ ದಾರಿ ಕೇಳಿಕೊಳ್ಳಿ. ಮೊದಲ ಬಾಗಿಲಾಗಿ ಇದಕ್ಕಿಂತ ಸುಲಭದ್ದು ನಮ್ಮ ಸಂಬಳದಲ್ಲಿ, ನಮ್ಮ ಶಿಫ್ಟಿನಲ್ಲಿ ನನಗೆ ಸಿಕ್ಕಿಲ್ಲ. ನಡುರಾತ್ರಿ 2 ಗಂಟೆಗೆ ಯಾವ ಕ್ಲಿನಿಕ್ ತೆರೆದಿರುತ್ತದೆ ಹೇಳಿ.

ಕರೆ ಮಾಡುವವರಿಗೆ ಒಂದೆರಡು ವಿಷಯ. ಡ್ಯೂಟಿ ನಡುವೆ ಸ್ಟೋರ್ ರೂಮಿನಲ್ಲಿ ನಿಂತು ಮಾಡಬೇಡಿ, ಅರ್ಧಕ್ಕೇ ಯಾರಾದರೂ ಕರೆಯುತ್ತಾರೆ, ಮತ್ತೆ ಕಣ್ಣೊರೆಸಿಕೊಂಡು ಓಡಬೇಕು. ಹಾಸ್ಟೆಲ್ ಅಥವಾ ಪಿಜಿಯಲ್ಲಿ ರೂಂಮೇಟ್ ಮಲಗಿದ್ದರೆ ಟೆರೇಸಿಗೆ ಹೋಗಿ, ಇಯರ್‌ಫೋನ್ ಹಾಕಿಕೊಳ್ಳಿ, ಫೋನ್ ಚಾರ್ಜ್ ಇದೆಯಾ ನೋಡಿಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಬೇಡ, ಏನಾದರೂ ತಿಂದು ಕೂತು ಮಾಡಿ. 14416 ತಾಗದಿದ್ದರೆ 1800-89-14416 ಅಂತ ಇನ್ನೊಂದು ನಂಬರ್ ಇದೆ, ಅದೂ ಉಚಿತ. ಏನು ಹೇಳಬೇಕು ಅಂತ ಮೊದಲೇ ತಯಾರಿ ಬೇಕಿಲ್ಲ. ನಾನು ನರ್ಸ್, ನನಗೆ ಆಗ್ತಿಲ್ಲ ಅಂದರೆ ಸಾಕು, ಮುಂದಿನದನ್ನು ಅವರು ಕೇಳುತ್ತಾರೆ.